ಎಲ್ಲರ ಕೈಯಲ್ಲೂ ಒಂದೇ ಲೆಕ್ಕದ ಪುಸ್ತಕ: ಬ್ಲಾಕ್‌ಚೈನನ್ನು ಎಷ್ಟು ನಂಬಬಹುದು?



ಈ ಸಲ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡಲು ಕುಳಿತಿದ್ದಾಗ ಒಂದೇ ದಿನ ಇಬ್ಬರ ಬಾಯಲ್ಲಿ ಒಂದೇ ಪದ ಕೇಳಿದೆ. ಸಿಬಿಎಸ್‌ಇ ಶಾಲೆಯಲ್ಲಿ ಓದಿದ ಹುಡುಗನೊಬ್ಬ, "ಸರ್, ನಮ್ಮ ಬೋರ್ಡಿನ ಅಂಕಪಟ್ಟಿ ಬ್ಲಾಕ್‌ಚೈನ್‌ನಲ್ಲಿ ಇರುತ್ತೆ, ಯಾರೂ ತಿದ್ದೋಕಾಗಲ್ಲ" ಎಂದ. ಮಧ್ಯಾಹ್ನ ಬಂದ ತಂದೆಯೊಬ್ಬರು ಮಗಳ ನರ್ಸಿಂಗ್ ಕೋರ್ಸಿನ ಫೀಸಿಗೆಂದು ಕೂಡಿಟ್ಟ ಹಣವನ್ನು ಮೊಬೈಲಿನಲ್ಲಿ ಯಾವುದೋ ಕಾಯಿನ್‌ಗೆ ಹಾಕುವ ಯೋಚನೆಯಲ್ಲಿದ್ದರು. "ಇದೂ ಬ್ಲಾಕ್‌ಚೈನ್ ಅಂತೆ ಸರ್, ಅದರಲ್ಲಿ ಮೋಸ ಮಾಡೋಕೆ ಬರಲ್ಲವಂತೆ" ಎಂದರು. "ಒಂದು ವಾರ ತಡೀರಿ ಭಾಯಿ, ನಾನು ಓದಿ ಹೇಳ್ತೀನಿ" ಎಂದು ಕಳುಹಿಸಿದೆ.

ಆ ವಾರ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ. ಹುಡುಗ ಹೇಳಿದ್ದು ಸರಿ. ತಂದೆ ಕೇಳಿಬಂದದ್ದು ಅರ್ಧ ಸತ್ಯ. ಆ ಅರ್ಧವೇ ಅಪಾಯ.

ಲೆಕ್ಕದ ಪುಸ್ತಕದಿಂದ ಆರಂಭಿಸೋಣ

ಅಂಗಡಿಯ ಖಾತೆ ಪುಸ್ತಕದಲ್ಲಿ ಒಂದು ಪುಟ ಮುಗಿದಾಗ ಕೆಳಗೆ ಮೊತ್ತ ಬರೆಯುತ್ತೇವೆ. ಅದೇ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ "ಹಿಂದಿನ ಪುಟದಿಂದ" ಎಂದು ಇಳಿಸಿಕೊಳ್ಳುತ್ತೇವೆ. ಹೀಗೆ ಪುಟಗಳು ಒಂದಕ್ಕೊಂದು ಕೊಂಡಿಯಾಗುತ್ತವೆ. ನಡುವಿನ ಪುಟದಲ್ಲಿ ಒಂದು ಅಂಕಿ ತಿದ್ದಿದರೆ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ.

ಆದರೆ ಇದರಲ್ಲಿ ಒಂದು ಸಂದು ಇದೆ. ಒಬ್ಬರ ದೇಣಿಗೆ 500, ಇನ್ನೊಬ್ಬರದು 300 ಎಂದಿಟ್ಟುಕೊಳ್ಳಿ. ಅದನ್ನು 300 ಮತ್ತು 500 ಎಂದು ಅದಲುಬದಲು ಮಾಡಿದರೆ ಪುಟದ ಮೊತ್ತ ಅಷ್ಟೇ ಇರುತ್ತದೆ. ತಿದ್ದಿದ್ದು ಗೊತ್ತಾಗುವುದಿಲ್ಲ.

ಬ್ಲಾಕ್‌ಚೈನ್ ಈ ಸಂದನ್ನು ಮುಚ್ಚುತ್ತದೆ. ಅಲ್ಲಿ ಪುಟಕ್ಕೆ "ಬ್ಲಾಕ್" ಎನ್ನುತ್ತಾರೆ. ಮೊತ್ತದ ಬದಲು "ಹ್ಯಾಶ್" ಎಂಬ ಗುರುತನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅದು ಮನುಷ್ಯನ ಬೆರಳಚ್ಚಿನಂತೆ. ಬಿಟ್‌ಕಾಯಿನ್ ಬಳಸುವ ವಿಧಾನದಲ್ಲಿ ಈ ಗುರುತನ್ನು 64 ಅಂಕಿ-ಅಕ್ಷರಗಳಲ್ಲಿ ಬರೆಯುತ್ತಾರೆ. ಪುಟದಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುವುದರಿಂದ ಅದು ಸರಪಳಿ, ಅಂದರೆ "ಚೈನ್". ಕೊನೆಯದಾಗಿ, ಈ ಪುಸ್ತಕದ ಪ್ರತಿಗಳು ಒಬ್ಬರ ಕಪಾಟಿನಲ್ಲಿ ಇರುವುದಿಲ್ಲ, ಅನೇಕ ಕಂಪ್ಯೂಟರುಗಳಲ್ಲಿ ಇರುತ್ತವೆ. ಒಬ್ಬ ತನ್ನ ಪ್ರತಿಯನ್ನು ತಿದ್ದಿದರೆ ಉಳಿದವರ ಪ್ರತಿಗಳು ಅದನ್ನು ಒಪ್ಪುವುದಿಲ್ಲ.

ನಮ್ಮ ನೆಲದ ಹಳೆಯ ಉಪಾಯ

ಸೊರಬ, ಶಿಕಾರಿಪುರ ಸೀಮೆಯ ನಮಗೆ ಇದು ತೀರಾ ಹೊಸ ಯೋಚನೆಯಲ್ಲ. ತಾಳಗುಂದ, ಬಳ್ಳಿಗಾವಿಗಳ ಶಾಸನಗಳನ್ನು ಮಕ್ಕಳಿಗೆ ತೋರಿಸಿದ ಪೋಷಕರಿಗೆ ಇದು ಗೊತ್ತು. ದಾನ ಕೊಟ್ಟದ್ದನ್ನು ಊರೆಲ್ಲ ನೋಡುವ ಜಾಗದಲ್ಲಿ ಕಲ್ಲಿನ ಮೇಲೆ ಕೊರೆಯುತ್ತಿದ್ದರು. ತಾಮ್ರಪಟಗಳಾದರೆ ಹಲಗೆಗಳಿಗೆ ತೂತು ಕೊರೆದು, ಒಂದು ಬಳೆಗೆ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಿಂದ ಬೆಸೆಯುತ್ತಿದ್ದರು. ಮುದ್ರೆ ಒಡೆಯದೆ ನಡುವೆ ಸುಳ್ಳು ಹಲಗೆ ಸೇರಿಸುವುದು ಸಾಧ್ಯವಿರಲಿಲ್ಲ. ಮುಂದೆ ಬಿ.ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು "ಎಪಿಗ್ರಾಫಿಯಾ ಕರ್ನಾಟಿಕಾ"ದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಅಚ್ಚು ಹಾಕಿಸಿದರು. ಕಲ್ಲು ಒಡೆದರೂ ಅದರ ಪಾಠ ಗ್ರಂಥಾಲಯಗಳಲ್ಲಿ ಉಳಿಯಿತು. ಎಲ್ಲರಿಗೂ ಕಾಣುವ ಬರಹ, ಬಿಡಿಸಲಾಗದ ಕೊಂಡಿ, ಹಲವು ಕಡೆ ಪ್ರತಿ: ಬ್ಲಾಕ್‌ಚೈನ್‌ನ ಮೂರು ಗುಣಗಳೂ ಇವೇ.

ಇದನ್ನು ಕಟ್ಟಿದವರು

1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟ ಎಂಬ ಇಬ್ಬರು ವಿಜ್ಞಾನಿಗಳು ದಾಖಲೆಗಳಿಗೆ ತಿದ್ದಲಾಗದ ತಾರೀಖು ಹಾಕುವ ವಿಧಾನವನ್ನು ಪ್ರಕಟಿಸಿದರು. 1995ರಿಂದ ಆ ಗುರುತುಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನಲ್ಲಿ ವಾರವಾರ ಅಚ್ಚು ಹಾಕಿಸುತ್ತಿದ್ದರು. ಮನೆಮನೆಗೆ ಹೋದ ಪತ್ರಿಕೆಯನ್ನು ಆಮೇಲೆ ತಿದ್ದುವವರು ಯಾರು?

2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಬಿಟ್‌ಕಾಯಿನ್ ಯೋಜನೆಯನ್ನು ಹೊರಬಿಟ್ಟರು. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಇಂದಿಗೂ ಸಿದ್ಧಪಟ್ಟಿಲ್ಲ. 2009ರ ಜನವರಿ 3ರಂದು ಅದರ ಮೊದಲ ಪುಟ ಬರೆಯಲಾಯಿತು. ಅಲ್ಲಿ ಬ್ಯಾಂಕಿಲ್ಲ, ಗುಮಾಸ್ತನಿಲ್ಲ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಕಷ್ಟದ ಲೆಕ್ಕವೊಂದನ್ನು ಮೊದಲು ಬಿಡಿಸಿದ ಕಂಪ್ಯೂಟರಿಗೆ ಮುಂದಿನ ಪುಟ ಬರೆಯುವ ಹಕ್ಕು ಮತ್ತು ಬಹುಮಾನ ಸಿಗುತ್ತದೆ. ಹಳೆಯ ಪುಟ ತಿದ್ದಬೇಕಾದವನು ಆಮೇಲಿನ ಲೆಕ್ಕಗಳನ್ನೆಲ್ಲ ಮತ್ತೆ ಬಿಡಿಸಿ, ಉಳಿದವರನ್ನೆಲ್ಲ ಹಿಂದೆ ಹಾಕಬೇಕು. ಇದಕ್ಕೆ ವಿಪರೀತ ವಿದ್ಯುತ್ ಬೇಕು. 2015ರಲ್ಲಿ ಬಂದ ಎಥೀರಿಯಂ ಮೊದಲು ಇದೇ ದಾರಿ ಹಿಡಿದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ವಿಧಾನ ಬದಲಿಸಿ ತನ್ನ ವಿದ್ಯುತ್ ಬಳಕೆಯನ್ನು ಶೇ. 99ಕ್ಕೂ ಹೆಚ್ಚು ಇಳಿಸಿತು.

ಈ ತಂತ್ರಾಂಶಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ಹಲವು ದೇಶಗಳ ತಂತ್ರಜ್ಞರು, ಎಷ್ಟೋ ಜನ ಸ್ವಯಂಸೇವಕರು, ತಪ್ಪು ಹುಡುಕಿ ಸರಿಪಡಿಸುತ್ತಾರೆ. ಒಂದೇ ಕಂಪನಿಯ ಕೈಗೆ ಎಲ್ಲವನ್ನೂ ಕೊಡಬಾರದೆಂಬ ಈ ಯೋಚನೆ ಹಣಕ್ಕಷ್ಟೇ ಸೇರಿದ್ದಲ್ಲ. 2016ರಲ್ಲಿ ಶುರುವಾದ ಮಾಸ್ಟಡಾನ್ ಎಂಬ ಸಾಮಾಜಿಕ ಜಾಲಕ್ಕೆ ಒಬ್ಬ ಯಜಮಾನನಿಲ್ಲ. ಬೇರೆ ಬೇರೆ ಗುಂಪುಗಳು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಅದನ್ನು ನಡೆಸುತ್ತವೆ. ಇದನ್ನು ವಿಕೇಂದ್ರೀಕೃತ ಜಾಲ ಎನ್ನುತ್ತಾರೆ. ಅದಕ್ಕೆ ಬ್ಲಾಕ್‌ಚೈನ್ ಬೇಕೇ ಬೇಕೆಂದಿಲ್ಲ.

ಬೆಂಗಳೂರಿನ ಕೇಂದ್ರ

ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವನ್ನು ತೆರೆಯಿತು. ಸಿಬಿಎಸ್‌ಇ 2021ರಲ್ಲಿ ತನ್ನ ಫಲಿತಾಂಶದ ದಾಖಲೆಗಳನ್ನು ಬ್ಲಾಕ್‌ಚೈನ್‌ನಲ್ಲಿ ಇಡಲು ಆರಂಭಿಸಿದ್ದು ಈ ಕೇಂದ್ರದ ನೆರವಿನಿಂದಲೇ. ಕಾಲೇಜಿನವರೋ ಕೆಲಸ ಕೊಡುವವರೋ ಅಂಕಪಟ್ಟಿ ಅಸಲಿಯೇ ಎಂದು ಬೇಗ ತಾಳೆ ನೋಡಬಹುದು. ಇದು ಬಿಟ್‌ಕಾಯಿನ್‌ನಂತೆ ಯಾರು ಬೇಕಾದರೂ ಸೇರುವ ಸರಪಳಿಯಲ್ಲ, ಅನುಮತಿ ಇರುವ ಸಂಸ್ಥೆಗಳದ್ದು ಮಾತ್ರ. ಇದರಲ್ಲಿ ಯಾವ ಕಾಯಿನ್ನೂ ಇಲ್ಲ. ಪೋಷಕರು ಇದನ್ನು ಗಮನಿಸಬೇಕು. ಬ್ಲಾಕ್‌ಚೈನ್ ಬೇರೆ, ಕಾಯಿನ್ ಬೇರೆ.

ಸರಪಳಿ ಕಾಯುವುದು ಯಾವುದನ್ನು?

2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರನ ಬೀಜ ಯಾವ ತೋಟದ್ದು ಎಂದು ದೂರದೇಶದ ಕೊಳ್ಳುವವನಿಗೂ ತಿಳಿಯಲಿ, ಬೆಳೆಗಾರನಿಗೆ ಒಳ್ಳೆಯ ಬೆಲೆ ಸಿಗಲಿ ಎಂಬುದು ಉದ್ದೇಶ. ನಮ್ಮ ಅಡಿಕೆ, ಶುಂಠಿಗೂ ಇಂಥದ್ದು ಬಂದರೆ ಒಳ್ಳೆಯದೇ. ಆದರೆ ಮೂಟೆಗೆ ಬೇರೆ ತೋಟದ ಬೀಜ ತುಂಬಿ ಸುಳ್ಳು ಚೀಟಿ ಅಂಟಿಸಿದರೆ? ಸರಪಳಿಗೆ ಅದು ಗೊತ್ತಾಗದು. ಆ ಸುಳ್ಳನ್ನೇ ಅದು ಭದ್ರವಾಗಿ ಕಾಯುತ್ತದೆ.

ಈ ಪಾಠದ ತಿರುಳು ಇಷ್ಟೇ. ಬರೆದದ್ದನ್ನು ಯಾರೂ ತಿದ್ದದಂತೆ ಬ್ಲಾಕ್‌ಚೈನ್ ಕಾಯುತ್ತದೆ. ಬರೆದದ್ದು ನಿಜವೇ, ಬರೆಸಿದವನು ಪ್ರಾಮಾಣಿಕನೇ ಎಂಬುದನ್ನು ನಾವೇ ನೋಡಬೇಕು.

ಇದಕ್ಕೆ ನನ್ನದೇ ಒಂದು ತಪ್ಪು ಸಾಕ್ಷಿ. ಹಿಂದೆ ಹತ್ತನೇ ತರಗತಿಯ ನಾಮಿನಲ್ ರೋಲ್ ಬರೆಯುವಾಗ ಒಬ್ಬ ಹುಡುಗಿಯ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಬಿಟ್ಟಿದ್ದೆ. ಅದೇ ಅಂಕಪಟ್ಟಿಗೆ ಬಂತು. ಅದನ್ನು ಸರಿಪಡಿಸಲು ಅವಳ ತಾಯಿ ಕೂಲಿ ಬಿಟ್ಟು ತಿಂಗಳುಗಟ್ಟಲೆ ಅಲೆದರು. ಆ ವರ್ಷದ ವಿದ್ಯಾರ್ಥಿವೇತನ ಕೈತಪ್ಪಿತು. ಅಂದು ಬ್ಲಾಕ್‌ಚೈನ್ ಇದ್ದಿದ್ದರೆ ನನ್ನ ತಪ್ಪು ಇನ್ನಷ್ಟು ಗಟ್ಟಿಯಾಗಿ ಕೂರುತ್ತಿತ್ತು.

ಪೋಷಕರು ಮಾಡಬೇಕಾದದ್ದು

1. ಶಾಲೆಯಲ್ಲಿ ನಾಮಿನಲ್ ರೋಲ್‌ಗೆ ಸಹಿ ಹಾಕುವ ಮೊದಲು ಮಗುವಿನ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ತಾರೀಖನ್ನು ಆಧಾರ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಓದಲು ಬರದಿದ್ದರೆ ಓದಿಸಿ ಕೇಳಿ. ಸಂಕೋಚ ಬೇಡ.

2. ಡಿಜಿಲಾಕರ್‌ನ ಪಿನ್, ಮೊಬೈಲಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿ.

3. ಕಾಯಿನ್ ಹೆಸರಿನಲ್ಲಿ "ತಿಂಗಳಿಗಿಷ್ಟು ಲಾಭ ಖಚಿತ" ಎಂದವರಿಂದ ದೂರವಿರಿ. 2022ರ ಏಪ್ರಿಲ್‌ನಿಂದ ಇಂಥ ಆಸ್ತಿಯ ಲಾಭಕ್ಕೆ ಸರ್ಕಾರ ಶೇ. 30 ತೆರಿಗೆ ಹಾಕಿದೆ. ತೆರಿಗೆ ಹಾಕಿದ ಮಾತ್ರಕ್ಕೆ ಸರ್ಕಾರ ಜಾಮೀನು ನಿಂತಂತಲ್ಲ.

4. ಮೋಸಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ತಡ ಮಾಡಿದಷ್ಟೂ ಹಣ ದೂರ ಹೋಗುತ್ತದೆ.

ಆ ತಂದೆ ವಾರದ ನಂತರ ಬಂದರು. ನನಗೆ ಹೇಳುವ ಮೊದಲೇ ಪರೀಕ್ಷೆಗೆಂದು ಐದು ಸಾವಿರ ಕಳಿಸಿದ್ದರಂತೆ. ವಾಪಸ್ ಕೇಳಿದ್ದಕ್ಕೆ "ಮೊದಲು ತೆರಿಗೆ ಕಟ್ಟಿ" ಎಂದು ಇನ್ನಷ್ಟು ಕೇಳಿದರಂತೆ. ನೋಡಿದರೆ ಆ ಹಣ ಯಾವ ಸರಪಳಿಗೂ ಹೋಗಿರಲಿಲ್ಲ, ಯಾರದೋ ಬ್ಯಾಂಕ್ ಖಾತೆಗೆ ಹೋಗಿತ್ತು. ಜೊತೆಗೆ ಕೂತು 1930ಕ್ಕೆ ದೂರು ಕೊಟ್ಟೆವು. ಐದು ಸಾವಿರ ಇನ್ನೂ ಬಂದಿಲ್ಲ. ಫೀಸಿನ ಹಣ ಮಾತ್ರ ಉಳಿಯಿತು, ಮಗಳು ಕಾಲೇಜಿಗೆ ಸೇರಿದಳು.

ದಾನಿಗಳಲ್ಲಿ ಕೊನೆಯ ಮಾತು. ಈ ವರದಿಯ ಆಯ-ವ್ಯಯದ ಪುಟವನ್ನು ದಯವಿಟ್ಟು ಓದಿ, ಕೊಟ್ಟ ರಸೀದಿಯೊಂದಿಗೆ ತಾಳೆ ನೋಡಿ. ಒಂದೇ ಲೆಕ್ಕ ಇಷ್ಟು ಮನೆಗಳಿಗೆ ಅಚ್ಚಾಗಿ ಬರುತ್ತಿರುವುದು ಅದಕ್ಕಾಗಿಯೇ. ತಪ್ಪು ಕಂಡರೆ ತಿಳಿಸಿ. ತೆರೆದು ನೋಡುವವರಿಲ್ಲದಿದ್ದರೆ ಎಷ್ಟು ಪ್ರತಿಗಳಿದ್ದರೂ ಉಪಯೋಗವಿಲ್ಲ.