ಕಡಲೆ ಸುಗ್ಗಿಯ ಥಂಡಿ: ಆಳುಗಳ ಕಾಳಜಿ ಹೀಗಿರಲಿ

ಹೆಬ್ಬಳ್ಳಿ ಸುತ್ತಿನ ಎರೆ ಹೊಲಗಳಲ್ಲಿ ಕಡಲೆಯನ್ನು ನಸುಕಿನಲ್ಲೇ ಕೀಳುವುದಕ್ಕೆ ಕಾರಣವಿದೆ. ಇಬ್ಬನಿಗೆ ಮೆತ್ತಗಾದ ಕಾಯಿ ಉದುರುವುದಿಲ್ಲ. ಬಿಸಿಲೇರಿತೆಂದರೆ ಗಿಡ ಮುಟ್ಟಿದರೆ ಸಾಕು, ಕಾಯಿ ನೆಲ ಸೇರುತ್ತದೆ. ಹಾಗಾಗಿ ಹತ್ತು ಗಂಟೆಗೆ ಕೆಲಸ ಹಚ್ಚಿ ಎಂದರೆ ಯಾವ ರೈತನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಐದಕ್ಕೇ ಹೊಲ ಹೊಗಬೇಕೆಂದೂ ಇಲ್ಲ. ಇಬ್ಬನಿ ಬೆಳಗಾದ ಮೇಲೂ ಒಂದಷ್ಟು ಹೊತ್ತು ಇದ್ದೇ ಇರುತ್ತದೆ. ನಾಲ್ಕು ಆಳು ಹೆಚ್ಚಿಗೆ ಕರೆದು, ಬೆಳಕು ಹರಿದ ಮೇಲೆ ಶುರು ಮಾಡಿ ಬೇಗ ಮುಗಿಸುವುದು ಲೇಸು.

ನಮ್ಮ ಕಡೆ ಹಿಮ ಬೀಳುವುದಿಲ್ಲ, ಥಂಡಿಗೆ ಯಾರು ಸಾಯುತ್ತಾರೆ ಎಂಬ ಮಾತಿದೆ. ಆದರೆ ಹತ್ತು-ಹನ್ನೆರಡು ಡಿಗ್ರಿಯಲ್ಲೂ ಒದ್ದೆ ಬಟ್ಟೆ, ಬೀಸುಗಾಳಿ, ಖಾಲಿ ಹೊಟ್ಟೆ ಮೂರೂ ಕೂಡಿದರೆ ಮೈ ಕಾವು ಇಳಿಯುತ್ತದೆ. ಮೊಣಕಾಲತನಕ ತೊಯ್ದ ಸೀರೆಯಲ್ಲಿ ಬಗ್ಗಿ ಕೀಳುವ ಹೆಂಗಸರು, ಅದಕ್ಕೂ ಮೊದಲು ತೆರೆದ ಟ್ರೇಲರ್‌ನಲ್ಲಿ ಗಾಳಿಗೆ ಮೈಯೊಡ್ಡಿ ಬಂದಿರುತ್ತಾರೆ. ಟ್ರೇಲರ್‌ನ ಮುಂದಿನ ಬದಿಗೆ ತಾಡಪತ್ರಿ ಕಟ್ಟಿ. ಸೊಂಟಕ್ಕೆ ಸುತ್ತಿಕೊಳ್ಳಲು ಪ್ಲಾಸ್ಟಿಕ್ ಹಾಳೆ ಕೊಡಿ, ಕೆಲಸಕ್ಕೆ ಮುಂಚೆಯೇ ಬಿಸಿ ಚಹಾ, ರೊಟ್ಟಿ ಆಗಲಿ.

ಕಡಲೆ ಗಿಡದ ಹುಳಿಯನ್ನೂ ಮರೆಯಬೇಡಿ. ರಾತ್ರಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಔಷಧಿಗೆ ಇಟ್ಟುಕೊಳ್ಳುವ ಅದೇ ಹುಳಿಯಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳಿವೆ. ಥಂಡಿಗೆ ಬಿರಿದ ಬೆರಳಿಗೆ ಇದು ತಾಗಿದರೆ ಉರಿ ಹೇಳತೀರದು. ಬಟ್ಟೆಯ ಕೈಗವಸು ತೊಯ್ದರೆ ಇನ್ನೂ ಕೆಡುಕು. ರಬ್ಬರ್ ಕೈಗವಸು ಕೊಡಿ. ಕೆಲಸ ಮುಗಿದ ಮೇಲೆ ಕೈ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿಕೊಳ್ಳಲಿ.

ರಾತ್ರಿ ತ್ರೀಫೇಸ್ ಬಂದಾಗ ಗೋಧಿಗೆ ನೀರು ಹಾಯಿಸುವವರದು ಬೇರೆಯೇ ಪಾಡು. ಕೃಷಿ ಹೊಂಡ ಇದ್ದವರು ಆಟೋ ಸ್ಟಾರ್ಟರ್‌ನಿಂದ ರಾತ್ರಿ ಹೊಂಡ ತುಂಬಿಸಿ, ಹಗಲು ಡೀಸೆಲ್ ಪಂಪಿನಿಂದ ಹಾಯಿಸಬಹುದು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ತೆಗೆಸಿದವರು ನಮ್ಮಲ್ಲಿ ಇದ್ದಾರೆ. ರಾತ್ರಿಯೇ ಹೊಲಕ್ಕೆ ಹೋಗಲೇಬೇಕಾದರೆ ಗಂಬೂಟು, ಬ್ಯಾಟರಿ, ಜೊತೆಗೊಬ್ಬ ಇರಲಿ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ. ಪಂಪಿನ ಮನೆಯೊಳಗೆ ಬುಟ್ಟಿಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿ ಮಲಗುವುದಂತೂ ಬೇಡವೇ ಬೇಡ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೇ ಆಗದಿರಬಹುದು. ಬೆಂಕಿ ಕಾಯಿಸಿಕೊಳ್ಳುವುದಿದ್ದರೆ ಬಯಲಲ್ಲಿ, ಹೊಟ್ಟಿನ ಬಣವೆಯಿಂದ ದೂರ.

ಸಾರಾಯಿ ಕುಡಿದರೆ ಬೆಚ್ಚಗಾಗುತ್ತದೆ ಎಂಬುದು ಭ್ರಮೆ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಕಾವು ಹೊರಗೆ ಹೋಗುತ್ತದೆ.

ನಡುಗುತ್ತಿದ್ದವರು ತೊದಲತೊಡಗಿದರೆ, ಕೈಯಿಂದ ಕುಡಗೋಲು ಜಾರಿದರೆ, ನಡುಕ ನಿಂತು ಮಂಕಾದರೆ ತಡ ಮಾಡಬೇಡಿ. ಒದ್ದೆ ಬಟ್ಟೆ ತೆಗೆದು, ತಲೆ ಸಹಿತ ಕಂಬಳಿ ಹೊದಿಸಿ. ಎಚ್ಚರವಿದ್ದರಷ್ಟೇ ಸಕ್ಕರೆ ಹಾಕಿದ ಬಿಸಿ ಚಹಾ ಕುಡಿಸಿ. ಕೈಕಾಲು ತಿಕ್ಕಬೇಡಿ, ಬೆಂಕಿಯ ಹತ್ತಿರ ಎಳೆದೊಯ್ಯಬೇಡಿ. 108ಕ್ಕೆ ಫೋನ್ ಮಾಡಿ. ಅಂಬ್ಯುಲೆನ್ಸ್‌ಗೆ ದಾರಿ ತೋರಿಸಲು ಒಬ್ಬರನ್ನು ರಸ್ತೆಗೆ ಕಳಿಸಿ.