ಕೋಳಿಗೂಡಿಗೆ ಹಾವು ಬಂದಾಗ ಗಾಬರಿ ಬೇಡ

ಮಳೆಗಾಲದ ಒಂದು ಸಂಜೆ. ಕರೆಂಟು ಹೋಗಿದೆ. ಹಿತ್ತಿಲಿನ ಗೂಡಿನಲ್ಲಿ ಕಾವಿಗೆ ಕೂತ ಹೇಂಟೆ ಎಂದೂ ಇಲ್ಲದ ಹಾಗೆ ಕೂಗಿಕೊಳ್ಳುತ್ತಿದೆ. ಮನೆಯಾಕೆ ಒಲೆಯ ಮೇಲಿನ ಸಾರನ್ನು ಹಾಗೆಯೇ ಬಿಟ್ಟು ಬರಿಗಾಲಿನಲ್ಲಿ ಓಡುತ್ತಾಳೆ. ಕತ್ತಲಲ್ಲಿಯೇ ಗೂಡಿನೊಳಗೆ ಕೈ ಹಾಕುತ್ತಾಳೆ. ಕೈಗೆ ಏನೋ ಚುಚ್ಚಿದಂತಾಗುತ್ತದೆ.

ಮುಂದಿನ ದೃಶ್ಯ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ. ಗಂಡಸರು ದೊಣ್ಣೆ ಹಿಡಿದು ಹಾವನ್ನು ಹುಡುಕುತ್ತಾರೆ. ಒಬ್ಬರು ಹಗ್ಗ ತಂದು ತೋಳಿಗೆ ಬಿಗಿಯಾಗಿ ಕಟ್ಟುತ್ತಾರೆ. ಇನ್ನೊಬ್ಬರು ಪಕ್ಕದೂರಿನ ಮಂತ್ರವಾದಿಯ ಹೆಸರು ಹೇಳುತ್ತಾರೆ. ಆಸ್ಪತ್ರೆಯ ನೆನಪಾಗುವ ಹೊತ್ತಿಗೆ ಎರಡು ಮೂರು ಗಂಟೆ ಕಳೆದಿರುತ್ತದೆ. ಹಾವಿನ ವಿಷಕ್ಕಿಂತ ಈ ಕಳೆದುಹೋದ ಗಂಟೆಗಳೇ ಎಷ್ಟೋ ಮನೆಗಳಲ್ಲಿ ಪ್ರಾಣ ತೆಗೆದಿವೆ.

2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಹಳ್ಳಿಯವರು. ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ತಿಂಗಳ ಒಳಗೆ ಆದದ್ದು. ಕರ್ನಾಟಕ ಸರ್ಕಾರವೂ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಆದುದರಿಂದ ಹಿತ್ತಿಲಿನಲ್ಲಿ ನಾಲ್ಕು ಕೋಳಿ ಸಾಕಿಕೊಂಡಿರುವ ಪ್ರತಿಯೊಂದು ಮನೆಯವರೂ ಈ ವಿಷಯವನ್ನು ಒಮ್ಮೆ ಕೂತು ಯೋಚಿಸುವುದು ಒಳ್ಳೆಯದು.

ಹಾವು ಬರುವುದು ಏಕೆ?

ಹಾವು ನಿಮ್ಮ ಮೇಲಿನ ಹಗೆಯಿಂದ ಬರುವುದಿಲ್ಲ, ಹೊಟ್ಟೆಪಾಡಿಗಾಗಿ ಬರುತ್ತದೆ. ಮೊಟ್ಟೆ ಮತ್ತು ಮರಿ ಅದಕ್ಕೆ ಇಷ್ಟವೇನೋ ನಿಜ. ಆದರೆ ಬಹಳ ಸಲ ಅದನ್ನು ಕರೆತರುವುದು ಕೋಳಿಯಲ್ಲ, ಇಲಿ. ಗೂಡಿನ ಸುತ್ತ ಚೆಲ್ಲಿದ ನುಚ್ಚು, ಅಕ್ಕಿ, ತೌಡು ತಿನ್ನಲು ರಾತ್ರಿ ಇಲಿಗಳು ಬರುತ್ತವೆ. ಇಲಿಯ ವಾಸನೆ ಹಿಡಿದು ಹಾವು ಬರುತ್ತದೆ. ಪಕ್ಕದಲ್ಲಿಯೇ ಸೌದೆಯ ರಾಶಿ, ಹಳೆಯ ಹೆಂಚು, ತೆಂಗಿನ ಗರಿಯ ಗುಡ್ಡೆ, ಬಿರುಕು ಬಿಟ್ಟ ಕಲ್ಲಿನ ಗೋಡೆ ಇದ್ದರೆ ಅದಕ್ಕೆ ಊಟದ ಜೊತೆಗೆ ವಸತಿಯೂ ಸಿಕ್ಕಂತಾಯಿತು.

ಬರುವ ಅತಿಥಿಗಳು ಯಾರು?

ಎಲ್ಲ ಹಾವೂ ವಿಷದ ಹಾವಲ್ಲ. ಹಿತ್ತಿಲಿನಲ್ಲಿ ಹೆಚ್ಚಾಗಿ ಕಾಣುವ ಉದ್ದನೆಯ ಕೇರೆಹಾವಿಗೆ ವಿಷವೇ ಇಲ್ಲ. ಅದರ ಬಾಲದಲ್ಲಿ ವಿಷವಿದೆ ಎನ್ನುವುದು ಬರಿಯ ಕಟ್ಟುಕಥೆ. ಒಂದೆರಡು ಮರಿಗಳನ್ನು ಅದು ನುಂಗಿದರೂ ನುಂಗಬಹುದು, ಆದರೆ ಅದು ತಿನ್ನುವ ಇಲಿಗಳ ಲೆಕ್ಕ ಹಿಡಿದರೆ ರೈತನಿಗೆ ಲಾಭವೇ ಹೆಚ್ಚು. ಮಲೆನಾಡು, ಕರಾವಳಿಯ ಕಡೆ ಹೆಬ್ಬಾವು ಇಡೀ ಕೋಳಿಯನ್ನೇ ನುಂಗಿ, ಹೊಟ್ಟೆ ಉಬ್ಬಿ, ಬಂದ ಕಿಂಡಿಯಲ್ಲಿ ಹೊರಗೆ ಹೋಗಲಾರದೆ ಬೆಳಗಿನವರೆಗೂ ಗೂಡಿನಲ್ಲಿ ಬಿದ್ದಿರುವುದುಂಟು. ಅದಕ್ಕೂ ವಿಷವಿಲ್ಲ, ಆದರೆ ಹಲ್ಲಿನ ಗಾಯ ಆಳವಾಗಿ ಆಗುತ್ತದೆ.

ನಾವು ಎಚ್ಚರದಿಂದ ಇರಬೇಕಾದದ್ದು ಮುಖ್ಯವಾಗಿ ನಾಲ್ಕು ಹಾವುಗಳ ಬಗ್ಗೆ. ಮೊದಲನೆಯದು ನಾಗರಹಾವು. ಇದು ಇಲಿ, ಕಪ್ಪೆಗಳೊಂದಿಗೆ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಎರಡನೆಯದು ಕೊಳಕುಮಂಡಲ. ಕರಾವಳಿಯಲ್ಲಿ ಇದನ್ನು ಕನ್ನಡಿ ಹಾವು ಎನ್ನುತ್ತಾರೆ. ಇಲಿಯನ್ನು ಹುಡುಕಿ ಬರುವ ಈ ದಪ್ಪನೆಯ ಹಾವು ತರಗೆಲೆಯ ಮೇಲೆ ಮಲಗಿದ್ದರೆ ಕಣ್ಣಿಗೆ ಕಾಣುವುದೇ ಕಷ್ಟ. ತುಳಿದರೆ ಕಚ್ಚುತ್ತದೆ. ಮೂರನೆಯದು ಕಟ್ಟುಹಾವು ಅಥವಾ ಕಡಂಬಳ. ಕಪ್ಪು ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳಿರುವ ಇದು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವ ಹಾವು ಇದು. ನಾಲ್ಕನೆಯದು ಬಯಲುಸೀಮೆಯ ಒಣ ಪ್ರದೇಶಗಳಲ್ಲಿ ಕಾಣುವ ಚಿಕ್ಕ ಗಾತ್ರದ ಗರಗಸ ಮಂಡಲ.

ಕತ್ತಲಲ್ಲಿ, ಗಾಬರಿಯಲ್ಲಿ ಇದು ಯಾವ ಹಾವು ಎಂದು ಗುರುತಿಸುವ ಸಾಹಸ ಮಾತ್ರ ಬೇಡ. ಗುರುತು ಸಿಗದ ಹಾವನ್ನೆಲ್ಲ ವಿಷದ ಹಾವೆಂದೇ ತಿಳಿದು ದೂರವಿರುವುದು ಕ್ಷೇಮ.

ಗೂಡು ಹೇಗಿರಬೇಕು?

ಹಾವು ಬಂದ ಮೇಲೆ ಪಡುವ ಪಾಡಿಗಿಂತ ಅದು ಬಾರದಂತೆ ಮಾಡುವುದು ಸುಲಭ. ಈ ಕೆಲಸಗಳನ್ನು ಬರುವ ಭಾನುವಾರವೇ ಮಾಡಬಹುದು.

1. ಗೂಡನ್ನು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಮನೆಯ ಗೋಡೆಗೆ ತಾಗದಂತೆ ಇಡಿ. ಕೆಳಗಿನ ಜಾಗದಲ್ಲಿ ಸಾಮಾನು ತುಂಬಬೇಡಿ, ಅದು ಖಾಲಿಯಾಗಿ ಕಾಣುವಂತಿರಲಿ.

2. ಸಾಮಾನ್ಯ ಕೋಳಿ ಬಲೆಯ ಕಣ್ಣು ದೊಡ್ಡದು. ಹಾವಿನ ತಲೆ ತೂರಿದರೆ ಮೈಯೂ ತೂರುತ್ತದೆ. ಕಾಲು ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ಹೊಡೆಸಿ. ಗೂಡು ನೆಲದ ಮೇಲೆಯೇ ಇದ್ದರೆ ಜಾಲರಿಯನ್ನು ಒಂದು ಅಡಿ ಆಳದವರೆಗೆ ಮಣ್ಣಿನಲ್ಲಿ ಹೂಳಿ. ನೈಲಾನ್ ಬಲೆ ಕಟ್ಟಬೇಡಿ. ಅದರಲ್ಲಿ ಹಾವು ಸಿಕ್ಕಿಕೊಂಡು ಒದ್ದಾಡುತ್ತದೆ, ಬಿಡಿಸಲು ಹೋದವರಿಗೆ ಅಪಾಯ.

3. ಬಾಗಿಲಿನ ಸಂದು, ಗೋಡೆಯ ಬಿರುಕು, ಇಲಿಬಿಲ ಎಲ್ಲವನ್ನೂ ಮುಚ್ಚಿ. ಕತ್ತಲಾಗುವ ಮೊದಲೇ ಕೋಳಿಗಳನ್ನು ಕೂಡಿಸಿ ಬಾಗಿಲು ಭದ್ರಪಡಿಸಿ.

4. ಮೊಟ್ಟೆಗಳನ್ನು ಹಗಲು ಬೆಳಕಿನಲ್ಲಿಯೇ ತೆಗೆಯಿರಿ. ಕಾಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಸಂಜೆ ಉಳಿದ ಆಹಾರವನ್ನು ಗುಡಿಸಿ ತೆಗೆಯಿರಿ.

5. ಸೌದೆ, ಹೆಂಚು, ಗರಿಗಳ ರಾಶಿಯನ್ನು ಗೂಡಿನಿಂದಲೂ ಮನೆಯಿಂದಲೂ ದೂರ ಸರಿಸಿ. ಸರಿಸುವಾಗ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಅಲುಗಿಸಿ ನೋಡಿ. ಗೂಡಿನ ಸುತ್ತ ಹುಲ್ಲು ಬೆಳೆಯಲು ಬಿಡಬೇಡಿ.

6. ಕಳ್ಳರ ಭಯಕ್ಕೋ ನರಿಯ ಭಯಕ್ಕೋ ಕೋಳಿಗಳನ್ನು ರಾತ್ರಿ ಮಂಚದ ಕೆಳಗೆ, ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿ ಮುಚ್ಚಿ ಇಡುವ ರೂಢಿ ಕೆಲವು ಮನೆಗಳಲ್ಲಿದೆ. ಇದನ್ನು ಬಿಟ್ಟುಬಿಡಿ. ಕೋಳಿಯ ಹಿಂದೆ ಇಲಿ, ಇಲಿಯ ಹಿಂದೆ ಹಾವು ಮಲಗುವ ಕೋಣೆಗೇ ಬಂದಂತಾಗುತ್ತದೆ. ಮಕ್ಕಳನ್ನು ಮಂಚದ ಮೇಲೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿಸಿ. ಸೊಳ್ಳೆ ಪರದೆ ಮಲೇರಿಯಾ ಒಂದನ್ನೇ ಅಲ್ಲ, ಕಟ್ಟುಹಾವಿನ ಕಡಿತವನ್ನೂ ತಡೆಯುತ್ತದೆ.

7. ಹಿತ್ತಿಲ ಬಾಗಿಲ ಬಳಿ ಒಂದು ಟಾರ್ಚು ಮತ್ತು ಪಾದ ಮುಚ್ಚುವ ಬೂಟು ಸದಾ ಇರಲಿ. ಬೂಟನ್ನು ಕೊಡವಿಯೇ ಹಾಕಿಕೊಳ್ಳಿ.

ಬೆಳ್ಳುಳ್ಳಿ ನೀರು, ಫಿನಾಯಿಲ್, ಗಂಧಕದ ಪುಡಿ ಚೆಲ್ಲಿದರೆ ಹಾವು ಬಾರದು ಎಂದು ಹೇಳುವವರಿದ್ದಾರೆ. ಇವುಗಳನ್ನು ನಂಬಿ ಕೂರುವಂತಿಲ್ಲ. ಕಾರ್ಬಾಲಿಕ್ ಆಮ್ಲವಂತೂ ಚರ್ಮವನ್ನು ಸುಡುತ್ತದೆ. ನುಸಿಗುಳಿಗೆಯನ್ನು ಮಕ್ಕಳು ಮಿಠಾಯಿ ಎಂದು ಬಾಯಿಗೆ ಹಾಕಿಕೊಂಡರೆ ಹಾವಿಲ್ಲದೆಯೇ ಅನಾಹುತವಾಗುತ್ತದೆ.

ಹಾವು ಕಂಡರೆ ಏನು ಮಾಡಬೇಕು?

ಮೊದಲು ನಿಂತಲ್ಲೇ ನಿಲ್ಲಿ. ನಂತರ ನಿಧಾನವಾಗಿ ಹಿಂದೆ ಸರಿದು ಎಂಟು ಹತ್ತು ಅಡಿ ದೂರ ಹೋಗಿ. ಮಕ್ಕಳನ್ನೂ ನಾಯಿಯನ್ನೂ ಮನೆಯೊಳಗೆ ಸೇರಿಸಿ. ಕಲ್ಲು ಎಸೆಯುವುದು, ಬಿಸಿನೀರು ಎರಚುವುದು, ಕೋಲಿನಿಂದ ತಿವಿಯುವುದು ಬೇಡ. ಹೊಡೆಯಲು ಅಥವಾ ಹಿಡಿಯಲು ಹೋಗಿ ಕಡಿಸಿಕೊಂಡವರು ಎಷ್ಟೋ ಮಂದಿ. ಹಾವಿಗೆ ಹೋಗಲು ದಾರಿ ಬಿಟ್ಟರೆ ಬಹುಮಟ್ಟಿಗೆ ಅದು ತಾನಾಗಿಯೇ ಹೋಗುತ್ತದೆ.

ಗೂಡಿನೊಳಗೆ ಇದ್ದರೆ ಕೈ ಹಾಕಬೇಡಿ, ಇಣುಕಬೇಡಿ. ದೊಡ್ಡವರೊಬ್ಬರು ದೂರದಿಂದ ಟಾರ್ಚು ಹಿಡಿದು ಅದರ ಮೇಲೆ ಕಣ್ಣಿಟ್ಟಿರಲಿ. ಇನ್ನೊಬ್ಬರು ಅರಣ್ಯ ಇಲಾಖೆಗೋ ತರಬೇತಿ ಪಡೆದ ಉರಗ ರಕ್ಷಕರಿಗೋ ತಿಳಿಸಲಿ. ಅವರ ಫೋನ್ ನಂಬರನ್ನು ಇಂದೇ ಕೇಳಿ ಗೋಡೆಯ ಮೇಲೆ ಬರೆದಿಡಿ. ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ ಎಂಬುದೂ ನೆನಪಿರಲಿ. ಆ ಹೊತ್ತಿನಲ್ಲಿ ಒಂದು ಕೋಳಿ ಹೋಯಿತೆಂದೇ ಇಟ್ಟುಕೊಳ್ಳಿ. ಮುಂದಿನ ಸಂತೆಯಲ್ಲಿ ಇನ್ನೊಂದು ತರಬಹುದು. ಹಾವು ಕಡಿದು ಸತ್ತ ಕೋಳಿಯನ್ನು ಅಡುಗೆಗೆ ಬಳಸದೆ ಆಳವಾಗಿ ಹೂಳಿಬಿಡಿ.

ಕಚ್ಚಿಯೇ ಬಿಟ್ಟರೆ?

ಕಡಿಸಿಕೊಂಡವರನ್ನು ಹಾವಿನಿಂದ ದೂರ ಕರೆತಂದು ಮಲಗಿಸಿ, ಧೈರ್ಯ ಹೇಳಿ. ಇದು ಬಾಯುಪಚಾರದ ಮಾತಲ್ಲ. ಅನೇಕ ಕಡಿತಗಳು ವಿಷವಿಲ್ಲದ ಹಾವಿನವು. ವಿಷದ ಹಾವು ಕೂಡ ಪ್ರತಿ ಸಲ ವಿಷ ಬಿಡುವುದಿಲ್ಲ. ಓಡುವುದು, ನಡೆಯುವುದು ಬೇಡ. ಅಂಗಾಂಗ ಆಡಿದಷ್ಟೂ ವಿಷ ಬೇಗ ಹರಡುತ್ತದೆ.

ಬಾವು ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರ, ಗಡಿಯಾರ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕೈ ಅಥವಾ ಕಾಲಿಗೆ ಹಲಗೆ ಇಟ್ಟು, ಸಡಿಲವಾಗಿ ಬಟ್ಟೆ ಸುತ್ತಿ ಅಲುಗದಂತೆ ಮಾಡಿ. ವಾಂತಿಯಾಗುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕಿದ ವಾಹನದಲ್ಲಿ ಹೊರಡಿ.

ಮಾಡಬಾರದ್ದು: ಬ್ಲೇಡಿನಿಂದ ಕೊಯ್ಯಬೇಡಿ. ಬಾಯಿಂದ ಹೀರಬೇಡಿ. ಐಸ್, ಸುಣ್ಣ, ಸೊಪ್ಪಿನ ರಸ ಹಚ್ಚಬೇಡಿ. ಸಾರಾಯಿ, ನೋವಿನ ಮಾತ್ರೆ ಕೊಡಬೇಡಿ. ಹಗ್ಗ ಕಟ್ಟಬೇಡಿ. ಬಿಗಿಯಾದ ಕಟ್ಟಿನಿಂದ ರಕ್ತ ಸಂಚಾರ ನಿಂತು ಕೈಯನ್ನೇ ಕಳೆದುಕೊಳ್ಳಬೇಕಾದೀತು. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಒಮ್ಮೆಲೇ ಬಿಚ್ಚಬೇಡಿ, ವೈದ್ಯರ ಎದುರಿನಲ್ಲಿಯೇ ಬಿಚ್ಚಲಿ. ಹಾವನ್ನು ಕೊಂದು ತರುವ ಅಗತ್ಯವೂ ಇಲ್ಲ. ಸತ್ತ ಹಾವಿನ ತಲೆಯೂ ಕೆಲಕಾಲ ಕಚ್ಚಬಲ್ಲದು.

ಆಸ್ಪತ್ರೆಯಲ್ಲಿ ವೈದ್ಯರು ಲಕ್ಷಣಗಳನ್ನು ನೋಡಿಯೇ ಚಿಕಿತ್ಸೆ ನಿರ್ಧರಿಸುತ್ತಾರೆ. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ನೋವಾಗಲಿ ಗುರುತಾಗಲಿ ಇರದಿರಬಹುದು. ರಾತ್ರಿ ಮಲಗಿದ್ದ ಮಗು ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾರದೆ ಹೋದರೆ ಇದನ್ನು ಶಂಕಿಸಬೇಕು. ಮಂಡಲದ ಹಾವುಗಳ ವಿಷದಿಂದ ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಬಹುದು. ಕೊಳಕುಮಂಡಲದ ವಿಷ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟಿತೇ ಎಂದು ನೋಡುವ ಸರಳ ಪರೀಕ್ಷೆಯಿಂದ ಇದು ತಿಳಿಯುತ್ತದೆ.

ವಿಷ ಏರಿದವರಿಗೆ ಇರುವ ಮದ್ದು ಒಂದೇ: ಪ್ರತಿವಿಷದ ಚುಚ್ಚುಮದ್ದು. ಹಾವಿನ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ರೋಧಕಗಳಿಂದ ಇದನ್ನು ತಯಾರಿಸುತ್ತಾರೆ. ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಒಂದೇ ಔಷಧ. ಮಕ್ಕಳಿಗೂ ದೊಡ್ಡವರಿಗೂ ಪ್ರಮಾಣ ಒಂದೇ, ಏಕೆಂದರೆ ಮಗುವಿಗೆ ಕಚ್ಚುವಾಗ ಹಾವು ಕಡಿಮೆ ವಿಷ ಬಿಡುವುದಿಲ್ಲ. ಮೂಗಿನ ತುದಿ ಮೇಲೆದ್ದಿರುವ, ಪಶ್ಚಿಮ ಘಟ್ಟದ ಒಂದು ಚಿಕ್ಕ ಗುಳಿಮಂಡಲದ ವಿಷಕ್ಕೆ ಮಾತ್ರ ಈ ಔಷಧ ನಾಟುವುದಿಲ್ಲ. ಆದರೂ ಆಸ್ಪತ್ರೆಯ ಆರೈಕೆ ಅದಕ್ಕೂ ಬೇಕೇ ಬೇಕು. ಲಕ್ಷಣ ಇಲ್ಲದಿದ್ದರೂ 24 ಗಂಟೆ ಆಸ್ಪತ್ರೆಯಲ್ಲಿಯೇ ಇರಿ. ಪ್ರತಿವಿಷ ನಿಮ್ಮ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ, ಉಸಿರಾಟದ ಯಂತ್ರ ಎಲ್ಲಿದೆ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿಡಿ.

ಮಂತ್ರ, ನಾಟಿ ಮದ್ದಿನಿಂದ ಬದುಕಿದವರಿದ್ದಾರಲ್ಲ ಎಂದು ನೀವು ಕೇಳಬಹುದು. ಅವರನ್ನು ಕಚ್ಚಿದ್ದು ವಿಷವಿಲ್ಲದ ಹಾವು, ಇಲ್ಲವೇ ವಿಷ ಬಿಡದ ಹಾವು. ಅವರು ಹೇಗಿದ್ದರೂ ಬದುಕುತ್ತಿದ್ದರು. ದೇವರಿಗೆ ಹರಕೆ ಹೊರುವುದಿದ್ದರೆ ಧಾರಾಳವಾಗಿ ಹೊರಿ. ಆದರೆ ಅದನ್ನು ಆಸ್ಪತ್ರೆಯ ದಾರಿಯಲ್ಲಿ ಹೊರಿ.

ಕೊನೆಯ ಮಾತು

ಮತ್ತೆ ಆ ಸಂಜೆಗೆ ಹೋಗೋಣ. ಹೇಂಟೆ ಕೂಗುತ್ತಿದೆ. ಈ ಸಲ ಮನೆಯಾಕೆ ಟಾರ್ಚು ಹಿಡಿದು, ಬೂಟು ಮೆಟ್ಟಿ, ದೂರ ನಿಂತು ಬೆಳಕು ಬಿಡುತ್ತಾಳೆ. ಜಾಲರಿಯ ಹೊರಗೆ ಹರಿದಾಡುತ್ತಿರುವ ಹಾವು ಒಳಗೆ ನುಸುಳಲು ದಾರಿ ಸಿಗದೆ ಬೇಲಿಯತ್ತ ತಿರುಗುತ್ತದೆ. ಆಕೆ ಒಳಗೆ ಬಂದು ಸಾರು ಇಳಿಸುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಇಷ್ಟಕ್ಕೆ ಬೇಕಾದದ್ದು ಎರಡು ಗಜ ಜಾಲರಿ, ಒಂದು ಟಾರ್ಚು ಮತ್ತು ಸ್ವಲ್ಪ ತಾಳ್ಮೆ. ಈ ಲೇಖನವನ್ನು ಕತ್ತರಿಸಿ ಹಿತ್ತಿಲ ಬಾಗಿಲಿನ ಹಿಂದೆ ಅಂಟಿಸಿಡಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಇಂದು ರಾತ್ರಿ ಊಟದ ಹೊತ್ತಿಗೆ ಅವರಿಗೆ ಓದಿ ಹೇಳಿ.