‘ಹರಿಯುತ್ತಿತ್ತಂತೆ’: ಮಾತಿನಿಂದ ಬರಹಕ್ಕೆ ನಾಲ್ಕು ಅವಧಿಗಳು

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನ್ನನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿಗೆ ನಿಯೋಜಿಸಲಾಗಿತ್ತು. ಪ್ರಥಮ ಪಿಯುಸಿ ತರಗತಿಗೆ ಭಾಷಣ ಮತ್ತು ಪ್ರಬಂಧ ರಚನೆಯನ್ನು ಕಲಿಸಲು ನಾಲ್ಕು ಅವಧಿಗಳು ಸಿಕ್ಕವು. ಮೂರನೆಯ ಅವಧಿಯಲ್ಲಿ ನಾನು ಮಾಡಿದ ಒಂದು ತಪ್ಪೇ ಈ ಘಟಕದ ಮುಖ್ಯ ಪಾಠವಾಯಿತು. ಆದ್ದರಿಂದ ಅದನ್ನು ಮರೆಮಾಚದೆ ಇಲ್ಲಿ ದಾಖಲಿಸಿದ್ದೇನೆ.

ಉದ್ದೇಶಗಳು

1. ವಿದ್ಯಾರ್ಥಿಗಳು ಬಾಯಿಪಾಠವಿಲ್ಲದೆ ಮೂರು ನಿಮಿಷ ಮಾತನಾಡುವರು.
2. ಮಾತನಾಡಿದ್ದನ್ನು ಒಂದು ಪುಟದ ಪ್ರಬಂಧವಾಗಿ ಬರೆಯುವರು.
3. ತಾವು ಹೇಳುವ ಸಂಗತಿಗೆ ಆಧಾರವೇನೆಂದು ತಿಳಿಸುವರು.

ಮೂರನೆಯ ಉದ್ದೇಶವನ್ನು ಪಾಠಯೋಜನೆಯಲ್ಲಿ ರೂಢಿಗೆಂದು ಬರೆದಿದ್ದೆ. ಅದರ ಅರ್ಥ ಆಗ ನನಗೇ ಪೂರ್ತಿ ತಿಳಿದಿರಲಿಲ್ಲ.

ಮೊದಲ ಅವಧಿ

‘ಪರಿಸರ ಸಂರಕ್ಷಣೆಯಲ್ಲಿ ಯುವಜನರ ಪಾತ್ರ’ ಎಂಬ ವಿಷಯ ಕೊಟ್ಟೆ. ಎದ್ದು ನಿಂತವರೆಲ್ಲರ ಮಾತೂ ಹೆಚ್ಚುಕಡಿಮೆ ಒಂದೇ ಆಗಿತ್ತು. ತರಗತಿಯಲ್ಲಿ ವೇದಿಕೆಯೇ ಇರಲಿಲ್ಲ, ಆದರೂ ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಎಂದೇ ಶುರು. ಒಬ್ಬ ಹುಡುಗ ನಡುವೆ ಒಂದು ಸಾಲು ಮರೆತ. ಮುಂದೆ ಹೋಗಲಾರದೆ ಮತ್ತೆ ‘ಗಣ್ಯರೇ’ಯಿಂದ ಆರಂಭಿಸಿದ. ತರಗತಿ ನಕ್ಕಿತು, ಅವನು ತಲೆ ತಗ್ಗಿಸಿ ಕುಳಿತ. ವಿಷಯವೇ ಅವರದ್ದಾಗಿರಲಿಲ್ಲ. ಅವರಿಗೆ ಗೊತ್ತಿದ್ದುದು ಪದಗಳು ಮಾತ್ರ ಎಂದು ನನಗೆ ಅನ್ನಿಸಿತು.

ಎರಡನೆಯ ಅವಧಿ

ವಿಷಯ ಬದಲಿಸಿದೆ: ‘ನಮ್ಮ ಅರ್ಕಾವತಿ’. ನಂದಿಬೆಟ್ಟದಲ್ಲಿ ಹುಟ್ಟಿ, ಇದೇ ತಾಲ್ಲೂಕಿನಲ್ಲಿ ಹಾದು, ಮುಂದೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿ ಅದು. ಹಿಂದಿನ ದಿನವೇ ಮನೆಗೆಲಸ ಕೊಟ್ಟಿದ್ದೆ: ಮನೆಯ ಹಿರಿಯರೊಬ್ಬರನ್ನು ಕೇಳಿಕೊಂಡು ಬನ್ನಿ. ನಿಯಮಗಳು ಎರಡೇ. ಕೈಯಲ್ಲಿ ಒಂದು ಚೀಟಿ ಇರಬಹುದು, ಆದರೆ ಅದರಲ್ಲಿ ವಾಕ್ಯ ಇರಬಾರದು, ನಾಲ್ಕು ಪದಗಳು ಮಾತ್ರ. ಸಂಬೋಧನೆ ‘ಸ್ನೇಹಿತರೇ’ ಎಂದಷ್ಟೇ.

ಫಲಿತಾಂಶ ಬೇರೆಯೇ ಆಯಿತು. ಹಿಂದಿನ ದಿನ ಮಾತು ಮರೆತಿದ್ದ ಹುಡುಗ ‘ಹೊಳೆ, ಅಜ್ಜ, ಏತ, ಬೋರು’ ಎಂಬ ಚೀಟಿ ಹಿಡಿದು ಮೂರು ನಿಮಿಷ ದಾಟಿಸಿದ. ನಡುವೆ ಒಮ್ಮೆ ತಡವರಿಸಿ, ಚೀಟಿ ನೋಡಿ, ಮುಂದುವರಿದ. ವಾಕ್ಯ ಮರೆತರೆ ಮಾತು ನಿಲ್ಲುತ್ತದೆ. ವಿಷಯ ತಿಳಿದಿದ್ದರೆ ಬೇರೆ ವಾಕ್ಯ ಸಿಗುತ್ತದೆ.

ಮೂರನೆಯ ಅವಧಿ

ಆಡಿದ ಮಾತನ್ನೇ ಬರೆಯಲು ಹೇಳಿದೆ. ಭಾಷಣವನ್ನು ಬರಹವಾಗಿಸುವುದು ಕನ್ನಡಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಊರೂರುಗಳಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನೇ ಚಿಕ್ಕ ಪುಸ್ತಕಗಳಾಗಿ ಪ್ರಕಟಿಸಿತ್ತು. ಬಿ.ಎಂ.ಶ್ರೀ. ಅವರ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಕೂಡ 1911ರಲ್ಲಿ ಧಾರವಾಡದಲ್ಲಿ ಮಾಡಿದ ಭಾಷಣವೇ.

ನಾನು ಕೆಂಪು ಪೆನ್ನು ಹಿಡಿದು ಬೆಂಚುಗಳ ನಡುವೆ ತಿದ್ದುತ್ತ ಹೋದೆ. ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಿದ್ದಳು: ‘ನಮ್ಮಜ್ಜಿ ಚಿಕ್ಕವಳಿದ್ದಾಗ ಹೊಳೆ ತುಂಬಾ ಹರೀತಿತ್ತಂತೆ.’ ಆಡುಮಾತನ್ನು ಗ್ರಂಥಸ್ಥ ಭಾಷೆಗೆ ತರಬೇಕೆಂದು ನಾನು ಅದನ್ನು ಹೊಡೆದುಹಾಕಿ ‘ಹಿಂದೆ ಅರ್ಕಾವತಿಯು ತುಂಬಿ ಹರಿಯುತ್ತಿತ್ತು’ ಎಂದು ಬರೆದೆ. ಅವಳು ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಹೇಳಿದಳು:

“ಮಿಸ್, ನಾನು ನೋಡಿಲ್ಲ. ಅಜ್ಜಿ ಹೇಳಿದ್ದು. ನೀವು ಬರ್ದಿರೋ ತರ ಬರೆದ್ರೆ ನಾನೇ ನೋಡಿದಂಗೆ ಆಗೋಗತ್ತೆ.”

ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದ ನಮ್ಮ ಮಾರ್ಗದರ್ಶಕರು ಏನೋ ಟಿಪ್ಪಣಿ ಮಾಡಿಕೊಂಡರು. “ನಾಳೆ ಹೇಳುತ್ತೇನಮ್ಮ” ಎಂದು ಮುಂದಕ್ಕೆ ಹೋದೆ.

ಅಂದು ರಾತ್ರಿ ಯೋಚಿಸಿದಾಗ ತಿಳಿಯಿತು. ‘ಹರೀತಿ’ಯನ್ನು ‘ಹರಿಯುತ್ತಿ’ ಎಂದು ತಿದ್ದಿದ್ದು ಸರಿ, ಅದು ಬರಹದ ರೂಪ. ಆದರೆ ‘ಅಂತೆ’ಯನ್ನೂ ‘ಅಜ್ಜಿ’ಯನ್ನೂ ತೆಗೆದದ್ದು ಭಾಷೆಯ ತಿದ್ದುಪಡಿಯಲ್ಲ. ಆಧಾರವನ್ನೇ ಅಳಿಸಿದ್ದು. ಕೇಳಿದ ಮಾತು ನನ್ನ ಪೆನ್ನಿನಲ್ಲಿ ಕಂಡ ಸತ್ಯವಾಗಿಬಿಟ್ಟಿತ್ತು. ಮುಂದೆ ಪದವಿ ತರಗತಿಯಲ್ಲಿ, ಸಂಶೋಧನೆಯಲ್ಲಿ ಯಾವ ತಪ್ಪಿಗೆ ವಿದ್ಯಾರ್ಥಿಯನ್ನು ದಂಡಿಸುತ್ತೇವೆಯೋ ಅದನ್ನು ಇಲ್ಲಿ ಶಿಕ್ಷಕಿಯೇ ಕಲಿಸುತ್ತಿದ್ದೆ.

ನಾಲ್ಕನೆಯ ಅವಧಿ

ಮೊದಲು ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಬಳಿಕ ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಬರೆದೆ: ‘ಅವನು ಬಂದನು’, ‘ಅವನು ಬಂದನಂತೆ’. ವ್ಯತ್ಯಾಸವೇನು ಎಂದಾಗ ಉತ್ತರ ಕೂಡಲೇ ಬಂತು: “ಎರಡನೇದು ಯಾರೋ ಹೇಳಿದ್ದು ಮಿಸ್.” ಅಜ್ಜಿಕಥೆಯ ರಾಜನೂ ‘ಇದ್ದನಂತೆ’ ತಾನೇ! ತುರ್ಕಿ ಭಾಷೆಯಲ್ಲಿಯೂ ಕೇಳಿ ತಿಳಿದದ್ದಕ್ಕೆ ಕ್ರಿಯಾಪದದ ಬೇರೆ ರೂಪವೇ ಇದೆ ಎಂದು ತಿಳಿಸಿದೆ. ಈ ‘ಅಂತೆ’ಯನ್ನು ‘ಅಜ್ಜಿ ಹೇಳಿದಂತೆ’ ಎಂಬಲ್ಲಿನ, ‘ಹಾಗೆ’ ಎಂಬ ಅರ್ಥದ ‘ಅಂತೆ’ಯೊಂದಿಗೆ ಬೆರೆಸಬಾರದೆಂದೂ ವಿವರಿಸಿದೆ.

ಆಮೇಲೆ ಮೂರು ಅಂಕಣ ಎಳೆದು, ತಮ್ಮ ಪ್ರಬಂಧದ ಪ್ರತಿ ವಾಕ್ಯವನ್ನೂ ಒಂದರಲ್ಲಿ ಇಡಲು ಹೇಳಿದೆ.

ಕಂಡದ್ದು: ‘ಹೊಳೆಯ ಪಾತ್ರದಲ್ಲಿ ಜಾಲಿ ಬೆಳೆದಿದೆ.’ ಎಲ್ಲಿ, ಯಾವಾಗ ಕಂಡೆ ಎಂದು ಬರೆಯಬೇಕು.

ಕೇಳಿದ್ದು: ‘ಹೊಳೆ ತುಂಬಿ ಹರಿಯುತ್ತಿತ್ತೆಂದು ನನ್ನ ಅಜ್ಜಿ ಹೇಳುತ್ತಾರೆ.’ ಯಾರು, ಅವರ ವಯಸ್ಸೆಷ್ಟು, ಯಾವ ಊರಿನವರು ಎಂದು ಬರೆಯಬೇಕು.

ಓದಿದ್ದು: ‘1894ರಲ್ಲಿ ಹೆಸರಘಟ್ಟದ ಬಳಿ ಈ ನದಿಗೆ ಕೆರೆ ಕಟ್ಟಿ, ಬೆಂಗಳೂರಿಗೆ ಕುಡಿಯುವ ನೀರು ಒಯ್ಯಲಾಯಿತು.’ ಪುಸ್ತಕ, ಲೇಖಕರು, ವರ್ಷ, ಪುಟ ಬರೆಯಬೇಕು.

ಯಾವ ಅಂಕಣಕ್ಕೂ ಸೇರದ ವಾಕ್ಯಗಳು ಉಳಿದವು. ‘ಪರಿಸರವೇ ನಮ್ಮ ಉಸಿರು’ ಅಂಥದ್ದೊಂದು. ಅದನ್ನು ಬಿಡಬಹುದೇ ಎಂದು ವಿದ್ಯಾರ್ಥಿಗಳೇ ಕೇಳಿದರು.

ಕೊನೆಯ ಹದಿನೈದು ನಿಮಿಷ ಮತ್ತೆ ಭಾಷಣ. ಕೇಳುಗರು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಹಾಕಬೇಕು: ‘ನಿನಗೆ ಹೇಗೆ ಗೊತ್ತು?’ ಆ ವಿದ್ಯಾರ್ಥಿನಿಯೂ ಮಾತನಾಡಿದಳು. ಪ್ರಶ್ನೆ ಬಂದಾಗ ಅವಳಲ್ಲಿ ಉತ್ತರ ಸಿದ್ಧವಿತ್ತು: ಅಜ್ಜಿ, ಅವರ ವಯಸ್ಸು, ಅವರು ಬಟ್ಟೆ ಒಗೆಯುತ್ತಿದ್ದ ಜಾಗ. ಈ ಸಲ ಧ್ವನಿ ಮೆಲ್ಲಗಿರಲಿಲ್ಲ.

ಅವಲೋಕನ

‘ಓದಿದ್ದು’ ಅಂಕಣ ಹಲವರಲ್ಲಿ ಖಾಲಿಯೇ ಉಳಿಯಿತು. ಕೆಲವರು ‘ಗೂಗಲ್’ ಎಂದಷ್ಟೇ ಬರೆದಿದ್ದರು. ಗೂಗಲ್ ಹುಡುಕುವ ದಾರಿ, ಬರೆದವರ ಹೆಸರಲ್ಲ ಎಂದು ಹೇಳಲು ಸಮಯ ಸಾಲಲಿಲ್ಲ. ಗ್ರಂಥಾಲಯದಲ್ಲಿ ಐದನೆಯ ಅವಧಿಯೊಂದು ಬೇಕಿತ್ತು. ಮಾತನಾಡಲು ಏಳದೆಯೇ ಉಳಿದವರೂ ಇದ್ದರು. ಅವರಿಗೆ ಮೊದಲು ಇಬ್ಬರ ಗುಂಪಿನಲ್ಲಿ ಮಾತನಾಡಿಸಬೇಕಿತ್ತು.

ಮಾರ್ಗದರ್ಶಕರ ಟಿಪ್ಪಣಿಯನ್ನು ಕೊನೆಯಲ್ಲಿ ಓದಿದೆ: ‘ತಿದ್ದುವ ಮೊದಲು, ಹೀಗೇಕೆ ಬರೆದೆ ಎಂದು ಕೇಳಿ.’ ಸಹಪ್ರಶಿಕ್ಷಣಾರ್ಥಿಗಳಿಗೂ ಅದನ್ನೇ ಹೇಳಬಯಸುತ್ತೇನೆ. ಆಡುಮಾತನ್ನು ಬರಹಕ್ಕೆ ತರುವಾಗ ಕಾಗುಣಿತ ತಿದ್ದೋಣ, ಕ್ರಿಯಾರೂಪ ತಿದ್ದೋಣ. ಆದರೆ ‘ಅಂತೆ’ ಕಂಡಲ್ಲಿ ಕೆಂಪು ಪೆನ್ನು ನಿಲ್ಲಲಿ. ಅದನ್ನು ‘ಎಂದು ಇಂಥವರು ಹೇಳುತ್ತಾರೆ’ ಎಂದು ಬಿಡಿಸಿ ಬರೆಯಲು ಕಲಿಸಿದರೆ, ವಿದ್ಯಾರ್ಥಿಯು ಉಲ್ಲೇಖ ಕೊಡಲು ಕಲಿತಂತೆಯೇ.